ತುಮಕೂರಲ್ಲಿ ಹಳೇ ಮನೆ ತಪಾಸಣೆ: 19,470 ರೂಪಾಯಿಗೆ ನಮಗೆ ಸಿಕ್ಕಿದ್ದು

ಐದಕ್ಕೆ ಮೂರೂವರೆ. ಆ ಅರ್ಧ ಯಾಕೆ ಅಂತ ಆಮೇಲೆ ಹೇಳುತ್ತೇನೆ.

ತಪಾಸಣೆ ಮಾಡಿದ ಕಂಪನಿ ಬೆಂಗಳೂರಿನದು. ಹೆಸರು ಹಾಕುತ್ತಿಲ್ಲ. ತಪ್ಪಿನಲ್ಲಿ ಅರ್ಧ ಅವರದು, ಇನ್ನರ್ಧ ಆ ರಿಪೋರ್ಟ್ ಓದಿ ಒಂದು ವಾರ ನಿದ್ದೆಗೆಟ್ಟು ಕೂತ ನನ್ನದೇ. ಮನೆ ಕೊಳ್ಳೋಕೆ ಮುಂಚೆ ಇಬ್ಬರು ಬಂದು ಬಿರುಕು, ತೇವ, ವೈರಿಂಗು, ಪೈಪು, ತಾರಸಿ ಎಲ್ಲ ನೋಡಿ ಫೋಟೋ ಸಮೇತ ರಿಪೋರ್ಟ್ ಕೊಡುತ್ತಾರೆ. ನಮ್ಮ ಅಳತೆಯ ಮನೆಗೆ 14,500. ತುಮಕೂರಿಗೆ ಬರೋದಕ್ಕೆ 2,000. ಮೇಲೆ 18% ಜಿಎಸ್‌ಟಿ. ಒಟ್ಟು 19,470. ನಮ್ಮ ಮಾವ ಇದನ್ನು ಕೇಳಿ, "ಗೋಡೆ ತಟ್ಟಿ ನೋಡೋದಕ್ಕೆ ಇಪ್ಪತ್ತು ಸಾವಿರನಾ? ನಾನೇ ತಟ್ಟಿ ಕೊಡ್ತಿದ್ದೆ" ಅಂದರು. ಈಗಲೂ ಅನ್ನುತ್ತಾರೆ.

ಮನೆ ಇರೋದು ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜಿನ ಕಡೆಯ ಒಂದು ಅಡ್ಡರಸ್ತೆಯಲ್ಲಿ. ಮೂವತ್ತು ನಲವತ್ತರ ಸೈಟು, ಕೆಳಗೆ ಹನ್ನೊಂದು ಚದರ, 1983ರಲ್ಲಿ ಕಟ್ಟಿದ್ದು. 1991ರಲ್ಲಿ ಮೇಲೊಂದು ರೂಮು, ಅದಕ್ಕೊಂದು ಬಚ್ಚಲು ಸೇರಿಸಿದ್ದಾರೆ. ಸೈಜುಗಲ್ಲಿನ ಪಾಯ, ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಆ ಗೋಡೆಗಳ ಮೇಲೇ ಮೋಲ್ಡು, ಅಂದರೆ ಕಾಂಕ್ರೀಟ್ ಚಾವಣಿ. ಪೋರ್ಟಿಕೋದ ಎರಡು ಕಂಬ ಬಿಟ್ಟರೆ ಪಿಲ್ಲರ್ ಅನ್ನೋದೇ ಇಲ್ಲ. ನೆಲ ರೆಡ್ ಆಕ್ಸೈಡು, ನಲವತ್ತು ವರ್ಷ ಓಡಾಡಿ ಓಡಾಡಿ ಕನ್ನಡಿ ಆಗಿದೆ. ನಾನು ಬಿದ್ದಿದ್ದೇ ಆ ನೆಲಕ್ಕೆ. ಜಾರಿ ಬಿದ್ದದ್ದಲ್ಲ, ಮನಸ್ಸು ಬಿದ್ದದ್ದು. ಮಾಲೀಕರು ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರು. ಮಗ ಬೆಂಗಳೂರಲ್ಲಿದ್ದಾನೆ, ಇಬ್ಬರನ್ನೂ ಅಲ್ಲಿಗೇ ಕರೆಯುತ್ತಿದ್ದಾನೆ. ಕೇಳಿದ ರೇಟು 78 ಲಕ್ಷ.

ಫೋನಲ್ಲಿ ನಾನು "ಒಂದು ಸರ್ವೇ ಮಾಡಿಸ್ತೀವಿ ಸಾರ್" ಅಂದರೆ ಮೇಷ್ಟ್ರು "ಗಡಿ ಜಗಳ ಏನೂ ಇಲ್ಲಮ್ಮ, ಸುತ್ತ ಕಾಂಪೌಂಡೇ ಇದೆಯಲ್ಲ" ಅಂದರು. ನಮ್ಮಲ್ಲಿ ಸರ್ವೇ ಅಂದರೆ ಸರಪಳಿ ಹಿಡಿದು ಜಮೀನು ಅಳೆಯೋದು ತಾನೇ. ಮನೆ ಗಟ್ಟಿ ಇದೆಯಾ ಇಲ್ವಾ ಅಂತ ನೋಡಿಸೋದು ಅಂತ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡಿಸಿ, ನನಗೂ ಗೊತ್ತಾಗಲಿ" ಅಂದರು.

2025ರ ಜೂನ್‌ನಲ್ಲಿ ಒಂದು ಶನಿವಾರ ಒಂಬತ್ತೂವರೆಗೆ ಸರಿಯಾಗಿ ಇಬ್ಬರು ಹುಡುಗರು ಬಂದರು. ಹೇಳಿದ ಟೈಮಿಗೆ ಬಂದರು ಅನ್ನೋದನ್ನು ಬರೆಯಲೇಬೇಕು. ಬಾಗಿಲಲ್ಲೇ ಶೂ ಬಿಚ್ಚಿದರು. ಒಬ್ಬನ ಹತ್ತಿರ ಗೋಡೆಯ ಬಿಸಿ, ತಂಪು ಬಣ್ಣದಲ್ಲಿ ತೋರಿಸೋ ಥರ್ಮಲ್ ಕ್ಯಾಮೆರಾ, ಇನ್ನೊಬ್ಬನ ಹತ್ತಿರ ಎರಡು ಸೂಜಿ ಇರೋ ತೇವ ಅಳೆಯುವ ಮೀಟರು, ಆಮೇಲೆ ಕಾಂಕ್ರೀಟಿಗೆ ಒತ್ತಿದರೆ ಟಪ್ ಅಂತ ಹಿಂದಕ್ಕೆ ಹಾರಿ ನಂಬರ್ ತೋರಿಸೋ ರೀಬೌಂಡ್ ಹ್ಯಾಮರು. ನಾಲ್ಕೂವರೆ ಗಂಟೆ ಕೆಲಸ ಮಾಡಿದರು. ಸಣ್ಣಗಿದ್ದ ಹುಡುಗ ಓವರ್‌ಹೆಡ್ ಟ್ಯಾಂಕಿನ ಮೇಲೆ ಏಣಿ ಇಲ್ಲದೇ ಹತ್ತಿ, ಮುಚ್ಚಳ ತೆಗೆದು, ಅರ್ಧ ಮೈ ಒಳಗೆ ಬಿಟ್ಟು ತಳದ ಫೋಟೋ ತೆಗೆದ. ಮೇಷ್ಟ್ರ ಹೆಂಡತಿ "ಅಯ್ಯೋ ಇಳಿಯಪ್ಪಾ, ನಿಮ್ಮಮ್ಮ ನೋಡಿದ್ರೆ ಏನಂದಾರು" ಅಂತ ಕೆಳಗಿಂದ ಕೂಗುತ್ತಲೇ ಇದ್ದರು. ಇಳಿದ ಮೇಲೆ ಚಿತ್ರಾನ್ನ ಕೊಟ್ಟರು.

ಒಂದು ಕಡೆ ಮಾತ್ರ ಜಗ್ಗಲಿಲ್ಲ. ಅಡುಗೆಮನೆ ಅಟ್ಟದ ಮೇಲೆ ಹಿತ್ತಾಳೆ, ತಾಮ್ರದ ಪಾತ್ರೆ ಜೋಡಿಸಿಟ್ಟಿದ್ದರು. ಇಳಿಸಿದರೆ ಹಿಂದಿನ ಗೋಡೆ ನೋಡಬಹುದು ಅಂತ ಹುಡುಗರು ಕೇಳಿದರು. ಆ ತಾಯಿ ಒಪ್ಪಲಿಲ್ಲ. ಹಾಗಾಗಿ ರಿಪೋರ್ಟಿನ 19ನೇ ಪುಟದಲ್ಲಿ ಪಾತ್ರೆಗಳ ಚಂದದ ಫೋಟೋ ಇದೆ. ಕೆಳಗೆ "ನೋಡಲು ಸಾಧ್ಯವಾಗಲಿಲ್ಲ" ಅಂತ ಇದೆ. ಮನೆ ನಮ್ಮ ಕೈಗೆ ಬಂದ ಮೇಲೆ ಪಾತ್ರೆ ಇದ್ದ ಜಾಗ ನೋಡಿದರೆ ಗೆದ್ದಲು ಹಲಗೆಯನ್ನು ಪೂರ್ತಿ ತಿಂದು ಮೇಲೆ ಬಣ್ಣ ಮಾತ್ರ ಉಳಿಸಿತ್ತು. ಇದಕ್ಕೆ ಅವರನ್ನು ಬೈಯಲ್ಲ. ಎರಡನೇ ಪುಟದಲ್ಲೇ ಬರೆದಿರುತ್ತಾರೆ: ಕಣ್ಣಿಗೆ ಕಂಡದ್ದು ಮಾತ್ರ, ಏನನ್ನೂ ಒಡೆಯಲ್ಲ, ಅಗೆಯಲ್ಲ, ಸಾಮಾನು ಸರಿಸಲ್ಲ. ಆ ಪುಟ ಯಾರೂ ಓದಲ್ಲ. ನಾನೂ ಓದಿರಲಿಲ್ಲ.

ರಿಪೋರ್ಟ್ ಮಂಗಳವಾರ ರಾತ್ರಿ ಹತ್ತೂ ನಲವತ್ತಕ್ಕೆ ವಾಟ್ಸಾಪ್‌ನಲ್ಲಿ ಬಂತು. 46 ಪುಟ, ಪೂರ್ತಿ ಇಂಗ್ಲಿಷು. ಮೊದಲ ಪುಟದಲ್ಲಿ ಸ್ಕೂಟರಿನ ಸ್ಪೀಡೋಮೀಟರ್ ತರಹ ಒಂದು ಚಿತ್ರ, ಮುಳ್ಳು ಕೆಂಪಿನ ಹತ್ತಿರ. "ಮನೆಯ ಆರೋಗ್ಯ: 100ಕ್ಕೆ 41." ಒಳಗೆ 23 ಕೆಂಪು, 31 ಕಿತ್ತಳೆ, 18 ಹಸಿರು. ಎಣಿಸಿದ್ದೇನೆ, ರಾತ್ರಿ ಎರಡು ಗಂಟೆಗೆ ಬೇರೆ ಏನು ಕೆಲಸ. ನಮ್ಮ ಯಜಮಾನರು ಬೆಳಿಗ್ಗೆ ವಸಂತನರಸಾಪುರದ ಶಿಫ್ಟಿಗೆ ಹೊರಡುತ್ತಾ, "ಬಿಡು, ಪಾಸ್ ಮಾರ್ಕ್ಸ್ 35 ಅಲ್ವಾ" ಅಂದರು. ನಗು ಬರಲಿಲ್ಲ.

41 ಹೇಗೆ ಬಂತು ಅಂತ ಫೋನ್ ಮಾಡಿ ಕೇಳಿದೆ. "ಸಾಫ್ಟ್‌ವೇರ್ ಲೆಕ್ಕ ಹಾಕುತ್ತೆ ಮೇಡಂ." ಯಾವ ಲೆಕ್ಕ? "ಎಲ್ಲ ಪ್ಯಾರಾಮೀಟರ್ ಸೇರಿಸಿ ಮೇಡಂ." ಸರಿ, ಈ ಮನೆ ತಗೋಬಹುದಾ? "ಅದನ್ನ ನಾವು ಹೇಳೋ ಹಾಗಿಲ್ಲ ಮೇಡಂ." ಇದೇ ನನ್ನ ದೊಡ್ಡ ತಕರಾರು. ಕೊಳ್ಳಬೇಕಾ ಬೇಡವಾ ಅನ್ನೋದನ್ನು ಅವರು ಹೇಳದೇ ಇರೋದು ಒಂದು ಲೆಕ್ಕಕ್ಕೆ ಸರಿ. ಆದರೆ ಯಾವುದು ಈ ವರ್ಷವೇ ಮಾಡಿಸಬೇಕು, ಯಾವುದು ಐದು ವರ್ಷ ಕಾಯುತ್ತೆ, ಯಾವುದಕ್ಕೆ ಎಷ್ಟು ಖರ್ಚು, ಇಷ್ಟಾದರೂ ಬೇಕಲ್ಲ. ಅದೊಂದೂ ಇಲ್ಲ. ಬಾಗಿಲ ಚಿಲಕ ಸಡಿಲ ಅನ್ನೋದಕ್ಕೂ ಒಂದು ಪುಟ, ಮೋಲ್ಡಿನಲ್ಲಿ ಕಂಬಿ ತುಕ್ಕು ಅನ್ನೋದಕ್ಕೂ ಒಂದು ಪುಟ.

ನಮ್ಮ ದೊಡ್ಡಮ್ಮನ ಮಗ ಅಣ್ಣ ಒಬ್ಬರು ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು, ಈಗ ರಿಟೈರ್ಡ್. ಅವರಿಗೆ ಪಿಡಿಎಫ್ ಕಳಿಸಿದೆ. ಭಾನುವಾರ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ನೇರ ಆ ಮನೆಗೇ ಬಂದರು. ರಿಪೋರ್ಟು ಮೊಬೈಲಲ್ಲಿ ಹಿಡಿದುಕೊಂಡು ಪುಟಪುಟ ಮನೆಯಲ್ಲಿ ಹುಡುಕಿದರು. ಇಲ್ಲಿಂದ ಮುಂದೆ ಬರೆಯೋದೆಲ್ಲ ನಿಮಗೆ ಉಪಯೋಗ ಆಗಬಹುದು, ಬೇರೆ ಊರಲ್ಲಿ ಬೇರೆ ಕಂಪನಿಯಿಂದ ಇಂಥದೇ ರಿಪೋರ್ಟ್ ತಗೊಂಡಿದ್ದರೂ.

ಮೊದಲು ಕೆಂಪು. 23ರಲ್ಲಿ 14 ಬಿರುಕುಗಳು. ಅದರಲ್ಲಿ ಒಂಬತ್ತು ಬರೀ ಗಾರೆಯ ಬಿರುಕು, ಕೂದಲೆಳೆಯಷ್ಟು, ಜೇಡರ ಬಲೆ ತರಹ. ಅಣ್ಣ ಉಗುರಲ್ಲಿ ಕೆರೆದು, "ಇದು ಬಣ್ಣ ಹೊಡೆಯೋನ ತಲೆನೋವು" ಅಂದರು. ಸರಕಾರದ ಮಾನಕ ಸಂಸ್ಥೆ ಬಿಐಎಸ್‌ನವರು (ಆಗ ಅದರ ಹೆಸರು ಐಎಸ್‌ಐ) 1984ರಲ್ಲೇ ಬರೀ ಬಿರುಕುಗಳ ಬಗ್ಗೆ ಒಂದು ಕೈಪಿಡಿ ಮಾಡಿದ್ದಾರೆ, ಎಸ್‌ಪಿ 25 ಅಂತ. ಅದರ ಪ್ರಕಾರ ಒಂದು ಮಿಲಿಮೀಟರಿಗಿಂತ ಕಮ್ಮಿ ಇದ್ದರೆ ಸಣ್ಣದು, ಒಂದರಿಂದ ಎರಡು ಮಧ್ಯಮ, ಎರಡು ದಾಟಿದರೆ ಅಗಲ. ಆದರೆ ಅಗಲ ಒಂದೇ ನೋಡಬೇಡ, ಎಲ್ಲಿ ಶುರುವಾಗಿ ಯಾವ ಕಡೆ ಓಡುತ್ತೆ ನೋಡು ಅಂದರು. ಹಾಲ್‌ನಲ್ಲಿ ಗೋಡೆ ಮತ್ತು ಮೋಲ್ಡು ಸೇರುವ ಕಡೆ ಸ್ಕೇಲ್ ಇಟ್ಟು ಎಳೆದ ಹಾಗೆ ಉದ್ದಕ್ಕೆ ಒಂದು ಅಡ್ಡ ಬಿರುಕಿತ್ತು. ರಿಪೋರ್ಟಿನಲ್ಲಿ ಕಡುಕೆಂಪು. ನನಗೋ, ತಾರಸಿಯೇ ಗೋಡೆ ಬಿಟ್ಟು ಕಳಚಿಕೊಳ್ಳುತ್ತಿದೆ ಅನ್ನೋ ಭಯ. ಹಾಲ್ ಮೇಲೆ ರೂಮಿಲ್ಲ, ಬಿಸಿಲು ನೇರ ಮೋಲ್ಡಿಗೆ ಹೊಡೆಯುತ್ತೆ. ಹಗಲು ಮೋಲ್ಡು ಹಿಗ್ಗುತ್ತೆ, ರಾತ್ರಿ ಕುಗ್ಗುತ್ತೆ, ಕೆಳಗಿನ ಗೋಡೆ ಅಷ್ಟು ಹಿಗ್ಗಲ್ಲ, ನಡುವೆ ಗೆರೆ ಬೀಳುತ್ತೆ. ಪಿಲ್ಲರ್ ಇಲ್ಲದ ಹಳೇ ಮನೆಗಳಲ್ಲಿ ಇದು ಮಾಮೂಲಿ. ತಾರಸಿಗೆ ಬಿಸಿಲು ತಡೆಯೋ ಬಿಳಿ ಬಣ್ಣ ಹೊಡೆಸಿ, ಬಿರುಕಿಗೆ ಎಳೆದರೆ ಹಿಗ್ಗುವಂಥ ಸೀಲೆಂಟ್ ತುಂಬಿಸಿದರೆ ಆಯ್ತು.

ಆಮೇಲೆ ಹಸಿರು. ಕೆಂಪು ನೋಡಿ ಹೆದರಿದಷ್ಟೇ ಹಸಿರು ನೋಡಿ ನಾನು ಸಮಾಧಾನ ಮಾಡಿಕೊಂಡಿದ್ದೆ. ಅದೂ ತಪ್ಪೇ. ರೀಬೌಂಡ್ ಹ್ಯಾಮರಿನ ಪುಟದಲ್ಲಿ "ಕಾಂಕ್ರೀಟ್ ಗುಣಮಟ್ಟ ಉತ್ತಮ" ಅಂತ ಹಸಿರು ಟಿಕ್ ಇತ್ತು. ಅಣ್ಣ ಅದನ್ನು ನೋಡಿ ತಲೆ ಆಡಿಸಿದರು. ಆ ಹ್ಯಾಮರ್ ಹೇಳೋ ಶಕ್ತಿಯಲ್ಲಿ 25% ಹೆಚ್ಚುಕಮ್ಮಿ ಆಗಬಹುದು ಅಂತ 1992ರ ಐಎಸ್ 13311 ಅನ್ನೋ ಮಾನಕದ ಎರಡನೇ ಭಾಗದಲ್ಲೇ ಇದೆಯಂತೆ. ಜೊತೆಗೆ ಹಳೇ ಕಾಂಕ್ರೀಟು ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು ಕುಡಿದು ಮೇಲ್ಮೈ ಗಟ್ಟಿಯಾಗಿರುತ್ತೆ, ಹಾಗಾಗಿ ಹ್ಯಾಮರ್ ಇನ್ನೂ ಒಳ್ಳೇ ನಂಬರ್ ತೋರಿಸುತ್ತೆ. ಅದೇ ಇಂಗಾಲದ ಡೈಆಕ್ಸೈಡು ಒಳಗಿನ ಕಂಬಿಗೆ ಶತ್ರು. ಹೊಸ ಕಾಂಕ್ರೀಟಿನಲ್ಲಿ ಸುಣ್ಣದ ಗುಣ ಜಾಸ್ತಿ ಇರುತ್ತೆ, ಅದು ಇರೋ ತನಕ ಕಂಬಿ ತುಕ್ಕು ಹಿಡಿಯಲ್ಲ. ಆ ಗುಣ ಹೋಗಿ ಮೇಲಿಂದ ನೀರೂ ಒಸರಿದರೆ ಮುಗೀತು. ತುಕ್ಕು ಹಿಡಿದ ಕಂಬಿ ಊದುತ್ತೆ, ಊದಿ ಕೆಳಗಿನ ಕಾಂಕ್ರೀಟನ್ನು ತಳ್ಳಿ ಉದುರಿಸುತ್ತೆ.

ಇದನ್ನು ಅಣ್ಣ ಬಾಯಲ್ಲಿ ಹೇಳಿ ಬಿಡಲಿಲ್ಲ. ಅಡುಗೆಮನೆ ಮೋಲ್ಡಿನಲ್ಲಿ, 1991ರ ಬಚ್ಚಲಿನ ಸರಿಯಾಗಿ ಕೆಳಗೆ, ಗಾರೆ ಉಬ್ಬಿದ ಜಾಗ ಇತ್ತು. ಅದು ರಿಪೋರ್ಟಿನಲ್ಲಿ ಬರೀ ಕಿತ್ತಳೆ. ಸುಮಾರು ಆರು ಅಡಿಗೆ ಐದು ಅಡಿ. ಮೇಷ್ಟ್ರ ಅಪ್ಪಣೆ ಕೇಳಿದೆವು. "ಬೀಳೋ ಗಾರೆ ತಾನೇ, ಕೆರೆದುಕೊಳ್ಳಿ" ಅಂದರು. ಅಣ್ಣ ಸ್ಟೂಲ್ ಹತ್ತಿ ಉಳಿ ಇಟ್ಟು ಅಂಗೈಯಷ್ಟು ಒಡೆದರು. ಧೂಳು ಊದಿ, ಆ ಹೊಸ ಮೈಗೆ ಚಿಕ್ಕ ಸ್ಪ್ರೇ ಬಾಟ್ಲಿಯಿಂದ ಫಿನಾಲ್ಫ್ತಲೀನ್ ಹೊಡೆದರು, ಪಿಯುಸಿ ಲ್ಯಾಬಿನಲ್ಲಿ ನಾವೆಲ್ಲ ಬಳಸಿದ್ದೇ. ಸುಣ್ಣದ ಗುಣ ಉಳಿದಿರೋ ಕಡೆ ಮಾತ್ರ ಅದು ಗುಲಾಬಿ ಆಗುತ್ತೆ. ಒಳಗಡೆ ಕಾಂಕ್ರೀಟು ನೋಡ್ತಾ ನೋಡ್ತಾ ಬೀಟ್‌ರೂಟ್ ಪಲ್ಯದ ನೀರು ಚೆಲ್ಲಿದ ಹಾಗೆ ಗುಲಾಬಿ ಆಯಿತು. ಕೆಳಗಿನ ಒಂದಿಂಚು ಮಾತ್ರ ಹಾಗೇ ಬೂದಿ ಬಣ್ಣ. ಕಂಬಿ ಇದ್ದದ್ದು ಮುಕ್ಕಾಲು ಇಂಚಿನಲ್ಲಿ, ಅಂದರೆ ಬೂದಿ ಭಾಗದಲ್ಲಿ. ಮುಟ್ಟಿದರೆ ಕಂಬಿಯಿಂದ ಹಪ್ಪಳದ ಹಾಗೆ ಪದರ ಎದ್ದು ಬಂತು. ಇದೇ ಪರೀಕ್ಷೆಯನ್ನು ಕಂಪನಿಯವರೂ ಮಾಡುತ್ತಾರೆ, ಆದರೆ ಬೇರೆ ಪ್ಯಾಕೇಜು, ಬೇರೆ ದುಡ್ಡು. ಅಂಥ ಪರೀಕ್ಷೆ ಬೇಕು ಅಂತ ರಿಪೋರ್ಟಿನಲ್ಲಿ ಒಂದು ಸಾಲಾದರೂ ಬರೆಯಬಹುದಿತ್ತು.

ಹಾಗಂತ ಮೋಲ್ಡು ಇವತ್ತೋ ನಾಳೆಯೋ ಬೀಳುತ್ತೆ ಅಂತಲ್ಲ. ಅಣ್ಣ ಬೇರೆ ನಾಲ್ಕು ಕಡೆ ಒಡೆದು ನೋಡಿದರು, ಅಲ್ಲೂ ಹಾಗೇ ಬೂದಿ ಬಣ್ಣ, ಆದರೆ ಒಣಗಿದ ಜಾಗ, ಕಂಬಿ ಚೆನ್ನಾಗೇ ಇತ್ತು. ನೀರು ಬೀಳದಿದ್ದರೆ ಇನ್ನೂ ಬಹಳ ವರ್ಷ ಬರುತ್ತೆ ಅಂದರು. ಬಚ್ಚಲು ಕಿತ್ತು ಸರಿ ಮಾಡಿ, ಅಡುಗೆಮನೆ ತಲೆ ಮೇಲಿನ ಆ ಭಾಗದ ಸಡಿಲ ಕಾಂಕ್ರೀಟ್ ಉದುರಿಸಿ, ಕಂಬಿ ಉಜ್ಜಿ, ತುಕ್ಕು ತಡೆಯೋ ಬಣ್ಣ ಕೊಟ್ಟು, ಸವೆದ ಕಂಬಿಗೆ ಜೋಡಿ ಕಂಬಿ ಕೊಟ್ಟು ರಿಪೇರಿ ಗಾರೆ ಹಾಕಬೇಕು. ಮೇಸ್ತ್ರಿ 1 ಲಕ್ಷ 40 ಸಾವಿರ ಹೇಳಿದರು.

ವೈರಿಂಗ್, ಪೈಪಿನ ಬಗ್ಗೆ ಜಾಸ್ತಿ ಬರೆಯಲ್ಲ, ಅದರಲ್ಲಿ ರಿಪೋರ್ಟು ನೂರಕ್ಕೆ ನೂರು ಸರಿ ಇತ್ತು. ಅರ್ಥಿಂಗ್ ಇಲ್ಲ, ಹಳೇ ಪಿಂಗಾಣಿ ಫ್ಯೂಸು, ಜಿಐ ಪೈಪಿನೊಳಗೆ ನಮ್ಮೂರ ಬೋರ್‌ವೆಲ್ಲಿನ ಗಡಸು ನೀರಿನ ಉಪ್ಪು ಕಟ್ಟಿ ಬೆರಳು ಹೋಗದಷ್ಟು ಕಿರಿದಾಗಿತ್ತು. ಇಂಥ ವಯಸ್ಸಿನ ಯಾವ ಮನೆ ತಗೊಂಡರೂ ಇವೆರಡನ್ನು ಹೊಸದಾಗಿ ಮಾಡಿಸೋ ಲೆಕ್ಕ ಇಟ್ಟುಕೊಂಡೇ ರೇಟು ಮಾತಾಡಿ.

ಈಗ ನಿಜವಾದ ಭಯಕ್ಕೆ ಬರುತ್ತೇನೆ. 31ನೇ ಪುಟ. ಮುಂದಿನ ರೂಮಿನ ಮೂಲೆಯಲ್ಲಿ, ಪೋರ್ಟಿಕೋ ಪಕ್ಕ, ಬಿರುಕು ಇಟ್ಟಿಗೆ ಸಂದಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹತ್ತಿತ್ತು. ಕೆಳಗೆ ಸಣ್ಣ, ಮೇಲೆ ಅಗಲ, 2.2 ಮಿಲಿಮೀಟರ್. ಒಂದು ರೂಪಾಯಿ ನಾಣ್ಯ ನಿಲ್ಲಿಸಿದರೆ ಒಳಗೆ ಹೋಗುತ್ತಿತ್ತು. ಪೋರ್ಟಿಕೋ ನೆಲವೂ ಒಂದು ಕಡೆ ಎರಡಿಂಚು ಕುಸಿದಿತ್ತು. ರಿಪೋರ್ಟಿನಲ್ಲಿ ಕಿತ್ತಳೆ ಬಣ್ಣ ಕೊಟ್ಟು, "ಪಾಯ ಒಂದೇ ಸಮ ಕೂತಿಲ್ಲದ ಸಾಧ್ಯತೆ, ಮಣ್ಣಿನ ಪರೀಕ್ಷೆ ಮಾಡಿಸಿ" ಅಂತ ಎರಡು ಸಾಲು. ಮಣ್ಣಿನ ಪರೀಕ್ಷೆ ಅವರದೇ ಇನ್ನೊಂದು ಪ್ಯಾಕೇಜು, 38,000, ಜಿಎಸ್‌ಟಿ ಬೇರೆ. ಅಣ್ಣನ ಮುಖ ಸಣ್ಣಗಾದದ್ದು ಇದೊಂದೇ ಪುಟಕ್ಕೆ. ಗೋಡೆಯ ಮೇಲೇ ನಿಂತ ಮನೆಯಲ್ಲಿ ಪಾಯ ಕೂರುತ್ತಿದ್ದರೆ ಆಟ ಅಲ್ಲ. ಆದರೆ ಹಿಂದೆ ಯಾವಾಗಲೋ ಕೂತು ನಿಂತಿದೆಯೋ, ಈಗಲೂ ಕೂರುತ್ತಿದೆಯೋ? ಒಂದು ದಿನ ಬಂದು ಫೋಟೋ ತೆಗೆದು ಹೋಗೋರಿಗೆ ಅದು ಗೊತ್ತಾಗಲ್ಲ.

ಉತ್ತರದ ಅರ್ಧ ಪಕ್ಕದ ಮನೆ ಅಜ್ಜಿಯ ಹತ್ತಿರ ಇತ್ತು. ನಾವು ಪೋರ್ಟಿಕೋದಲ್ಲಿ ಬಗ್ಗಿ ನೋಡುತ್ತಿದ್ದಾಗ ಕಾಂಪೌಂಡ್ ಆಚೆಯಿಂದ "ಬಾವಿ ಜಾಗ ನೋಡ್ತಿದೀರಾ?" ಅಂದರು. ಯಾವ ಬಾವಿ ಅಜ್ಜಿ? "ಅದೇ, ನೀವು ನಿಂತಿರೋದು. ನೀರು ಬತ್ತಿ ಹೋಯ್ತು, ಮುಚ್ಚಿಸಿದ್ರು. ಆಮೇಲೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರೂ ನಲ್ಲಿಗೆ ಬಂತಲ್ಲ, ಬಾವಿ ಯಾರಿಗೆ ಬೇಕು." ಮೇಷ್ಟ್ರನ್ನು ಕೇಳಿದೆ. ಅವರು ಅಷ್ಟರಲ್ಲಿ ರಿಪೋರ್ಟಿನ ಪ್ರಿಂಟ್ ತೆಗೆಸಿ 46 ಪುಟವನ್ನೂ ಓದಿ, ಇಂಗ್ಲಿಷಿನ ತಪ್ಪುಗಳಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದರು. ಒಟ್ಟು 14 ತಪ್ಪು. 31ನೇ ಪುಟದಲ್ಲಿ ಏನೂ ಬರೆದಿರಲಿಲ್ಲ. "ಬಾವಿ ಇತ್ತಲ್ಲ ಸಾರ್?" ಅಂದರೆ, "ಕೇಳಿದ್ದರೆ ಹೇಳ್ತಿದ್ದೆನಲ್ಲಮ್ಮ" ಅಂದರು. ಮಾರುತಿ 800 ತಂದಾಗ ನೆರಳಿಗೆ ಅಂತ ಮುಚ್ಚಿದ ಬಾವಿ ಮೇಲೇ ಪೋರ್ಟಿಕೋ ಕಟ್ಟಿಸಿದ್ದರಂತೆ. ನನಗೆ ಆ ಕ್ಷಣ ಸಿಟ್ಟು ಬಂದದ್ದು ನಿಜ. ಆದರೆ ತಪಾಸಣೆಗೆ ಬಂದವರ ಫಾರಂನಲ್ಲೂ ಮಾಲೀಕರಿಗೆ ಒಂದು ಪ್ರಶ್ನೆಯೂ ಇರಲಿಲ್ಲ. ಅಕ್ಕಪಕ್ಕದವರಿಗೆ ಮೊದಲೇ ಇಲ್ಲ. ಆ ನಾಲ್ಕೂವರೆ ಗಂಟೆಯಲ್ಲಿ ಹತ್ತು ನಿಮಿಷ ಕಾಂಪೌಂಡ್ ಹತ್ತಿರ ನಿಂತು ಮಾತಾಡಿದ್ದರೆ 38,000 ರೂಪಾಯಿಯ ಪ್ಯಾಕೇಜ್ ಹೇಳುವ ಅಗತ್ಯವೇ ಬರುತ್ತಿರಲಿಲ್ಲ.

ಮೇಸ್ತ್ರಿ ಇಬ್ಬರು ಆಳು ಕರೆಸಿ ಎರಡು ಗುಂಡಿ ತೆಗೆಸಿದರು. ಪೋರ್ಟಿಕೋ ಕಡೆಯ ಗುಂಡಿಯಲ್ಲಿ ಒಡೆದ ಇಟ್ಟಿಗೆ, ಗಡಿಗೆ ಚೂರು, ಬೂದಿ, ಒಂದು ಸೈಕಲ್ ಟೈರು. ಸಿಕ್ಕಿದ್ದೆಲ್ಲ ತುಂಬಿ ಮುಚ್ಚಿದ್ದಾರೆ. ರೂಮಿನ ಗೋಡೆ ಪಕ್ಕದ ಗುಂಡಿಯಲ್ಲಿ ನಾಲ್ಕಡಿಗೆ ಗಟ್ಟಿ ಗರಸು, ಹಾರೆ ಹಾಕಿದರೆ ಠಣ್ ಅನ್ನುತ್ತಿತ್ತು. ಅಂದರೆ ಗೋಡೆಯ ಪಾಯ ಒಳ್ಳೇ ನೆಲದ ಮೇಲೇ ಇದೆ. ಬಾವಿ ಮೇಲೆ ಕೂತ ಪೋರ್ಟಿಕೋ ಕಂಬ ಇಳಿಯುತ್ತಾ ಗೋಡೆಯ ಮೂಲೆಯನ್ನೂ ಜೊತೆಗೆ ಎಳೆದಿದೆ. ಇದು ಅಣ್ಣನ ಅಂದಾಜು. ಅಂದಾಜಿನ ಮೇಲೆ ಎಪ್ಪತ್ತು ಲಕ್ಷ ಹಾಕೋಕಾಗುತ್ತಾ? ಅದಕ್ಕೇ ಗಾಜು.

ಬಹಳ ಹಳೇ ಉಪಾಯ ಇದು. ಬಿರುಕಿನ ಎರಡೂ ಕಡೆ ಗಾರೆ ಕೆರೆದು ಇಟ್ಟಿಗೆ ಕಾಣಿಸಿಕೊಂಡು, ಅಡ್ಡಡ್ಡ ಒಂದು ತೆಳು ಗಾಜಿನ ಪಟ್ಟಿಯನ್ನು ಅರಾಲ್ಡೈಟ್ ಹಾಕಿ ಅಂಟಿಸೋದು, ಮೇಲೆ ತಾರೀಖು ಬರೆಯೋದು. ಗೋಡೆ ಸ್ವಲ್ಪ ಅಲ್ಲಾಡಿದರೂ ಗಾಜು ಒಡೆಯುತ್ತೆ. ಫೋಟೋ ಫ್ರೇಮ್ ಅಂಗಡಿಯಲ್ಲಿ ಮೂರು ಪಟ್ಟಿ ಕತ್ತರಿಸಿಕೊಂಡು ಬಂದೆ, ಅರವತ್ತು ರೂಪಾಯಿ. ಒಂದು ಆ ಮೂಲೆಗೆ, ಒಂದು ಹಾಲ್‌ನ ಮೋಲ್ಡಿನ ಕೆಳಗಿನ ಗೆರೆಗೆ, ಒಂದು ಅಡುಗೆಮನೆ ಕಿಟಕಿಯ ಲಿಂಟಲ್ ಹತ್ತಿರ. ಒಂದು ಮಳೆಗಾಲ ಪೂರ್ತಿ ನೋಡಬೇಕು, ತುಮಕೂರಿಗೆ ಮಳೆ ಜಾಸ್ತಿ ಬೀಳೋದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅಲ್ಲಿ ತನಕ ಕಾಯಿ ಅಂದರು ಅಣ್ಣ.

ಕಾಯೋದು ಅಂದರೆ ಸುಮ್ನೆ ಅಲ್ಲ. ಮೇಷ್ಟ್ರ ಮಗನಿಗೆ 75 ಲಕ್ಷ ಕೊಡೋ ಇನ್ನೊಂದು ಪಾರ್ಟಿ ಸಿಕ್ಕಿತ್ತು. ಮೇಷ್ಟ್ರೇ ಅವನನ್ನು ಸುಮ್ಮನಿರಿಸಿದರು. ಅವರಿಗೆ ಸೈಟಿನ ಆಸೆ, ಮನೆ ಒಡೆದು ಹಾಕುತ್ತಾರೆ, ಇವರಾದರೆ ವಾಸ ಇರ್ತಾರೆ ಅಂದರಂತೆ. ರಿಪೇರಿಯ ಪಟ್ಟಿ ಮುಂದೆ ಇಟ್ಟೆವು. ಬಚ್ಚಲು ಮತ್ತು ಅಡುಗೆಮನೆ ಮೋಲ್ಡು 1.4 ಲಕ್ಷ, ವೈರಿಂಗ್ 1.6, ಪೈಪು 70 ಸಾವಿರ, ಬಾವಿ ಮತ್ತು ಪೋರ್ಟಿಕೋ 1.9 ಲಕ್ಷ, ತಾರಸಿ 85 ಸಾವಿರ, ಗೆದ್ದಲಿನ ಔಷಧಿ 12 ಸಾವಿರ. ಮೇಷ್ಟ್ರು ಪಟ್ಟಿ ಕೂಡಿಸಿ ನೋಡಿದರು. 71 ಲಕ್ಷ 50 ಸಾವಿರಕ್ಕೆ ಒಪ್ಪಿದರು. ಇಲ್ಲಿ ರಿಪೋರ್ಟಿಗೆ ಕೈ ಮುಗಿಯಬೇಕು. ಬರೀ ಬಾಯಲ್ಲಿ ಹೇಳಿದ್ದರೆ ಆರೂವರೆ ಲಕ್ಷ ಇಳಿಯುತ್ತಲೇ ಇರಲಿಲ್ಲ, ಫೋಟೋ ಇತ್ತು, ಪುಟದ ನಂಬರ್ ಇತ್ತು, ಮಗನಿಗೂ ಫಾರ್ವರ್ಡ್ ಮಾಡೋಕೆ ಬಂತು.

ಜುಲೈ ಮೊದಲ ವಾರ ಐದು ಲಕ್ಷ ಅಡ್ವಾನ್ಸ್ ಕೊಟ್ಟು ನಾಲ್ಕು ತಿಂಗಳ ಅಗ್ರಿಮೆಂಟ್ ಮಾಡಿಕೊಂಡೆವು. ಮುಂದಿನ ರೂಮಿನ ಗಾಜು ಒಡೆದರೆ ಅಡ್ವಾನ್ಸ್ ಪೂರ್ತಿ ವಾಪಸ್ ಅಂತ ಷರತ್ತು ಹಾಕಿ ಅಂದೆ. ವಕೀಲರು ಪೆನ್ನು ಕೆಳಗಿಟ್ಟು ನಕ್ಕರು. "ಮೂವತ್ತು ವರ್ಷದಲ್ಲಿ ಗಾಜಿನ ಷರತ್ತು ಬರೆದಿಲ್ಲಮ್ಮ." ಕೊನೆಗೆ ಬರೆದರು. ದಾಖಲೆಗಳ ಕಡೆ ತಲೆನೋವಿರಲಿಲ್ಲ. ಇ-ಖಾತಾ ಆಗಿತ್ತು, 2004ರಿಂದ ಈಚಿನ ಇಸಿ (ಆಸ್ತಿ ಮೇಲೆ ಮಾರಾಟ, ಸಾಲ ಏನೇನಿದೆ ಅಂತ ತೋರಿಸೋ ಋಣಭಾರ ಪತ್ರ) ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲೇ ಸಿಕ್ಕಿತು, ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಎರಡು ಸಲ ಅಲೆದೆ. ಬ್ಯಾಂಕಿನ ವ್ಯಾಲ್ಯುವರ್ ಕೂಡ ಬಂದು ಹೋದರು, ಹನ್ನೆರಡು ನಿಮಿಷ. ಮನೆ ಮುಂದೆ ಸೆಲ್ಫಿ ತೆಗೆದುಕೊಂಡು, ರೂಮು ಎಣಿಸಿ, ಕಟ್ಟಡ ಚೆನ್ನಾಗಿದೆ ಅಂತ ಬರೆದರು. ಬ್ಯಾಂಕಿನವರೇ ನೋಡಿದ್ದಾರಲ್ಲ, ಇನ್ನೇನು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅವರು ನೋಡೋದು ಸಾಲ ಮುಳುಗಿದರೆ ಎಷ್ಟಕ್ಕೆ ಮಾರಬಹುದು ಅಂತ. ಬಚ್ಚಲು ಸೋರುತ್ತಾ ಅಂತ ನೋಡಲ್ಲ.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಮೇಷ್ಟ್ರ ಹೆಂಡತಿ ಫೋನ್ ಮಾಡಿದರು. ದನಿ ನಡುಗುತ್ತಿತ್ತು. "ಗಾಜು ಒಡೆದೋಯ್ತಮ್ಮಾ." ನನಗೆ ಕೈಕಾಲು ತಣ್ಣಗಾಯಿತು. ಯಾವುದು ಅಂತ ಕೇಳೋಕೂ ಮರೆತು ಆಟೋ ಹತ್ತಿದೆ. ಹೋಗಿ ನೋಡಿದರೆ ಹಾಲ್‌ನದು, ಮೋಲ್ಡಿನ ಕೆಳಗಿನದು. ಅವತ್ತು ಮೋಡ ಬಿಟ್ಟು ಬಿಸಿಲು ಜೋರಾಗಿ ಬಂದಿತ್ತು. ಅಣ್ಣನಿಗೆ ಹೇಳಿದರೆ, "ಅದು ಒಡೆಯದೇ ಇದ್ದಿದ್ದರೆ ಅರಾಲ್ಡೈಟ್ ಸರಿ ಇಲ್ಲ ಅಂತಿದ್ದೆ" ಅಂದರು. ಮುಂದಿನ ರೂಮಿನ ಗಾಜು ಹಾಗೇ ಇತ್ತು. ಮೇಷ್ಟ್ರ ಹೆಂಡತಿ ಅದನ್ನು ದಿನಾ ಬೆಳಿಗ್ಗೆ ದೀಪ ಹಚ್ಚಿದ ಮೇಲೆ ಹೋಗಿ ನೋಡುತ್ತಿದ್ದರಂತೆ.

ಅದೇ ತಿಂಗಳ ಕೊನೆಗೆ ನಿಜವಾದ ಪೆಟ್ಟು ಬೇರೆ ಕಡೆಯಿಂದ ಬಿತ್ತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1% ಇದ್ದದ್ದು 2% ಆಯಿತು. 71.5 ಲಕ್ಷಕ್ಕೆ ಅದು 71,500 ರೂಪಾಯಿ ಜಾಸ್ತಿ. ಜುಲೈನಲ್ಲೇ ರಿಜಿಸ್ಟರ್ ಮಾಡಿಸಿದ್ದರೆ ಉಳಿಯುತ್ತಿತ್ತು. ಮುದ್ರಾಂಕ, ಸೆಸ್ಸು, ಸರ್‌ಚಾರ್ಜ್ ಸೇರಿ 5.6%, ಮೇಲೆ ಈ 2%, ಒಟ್ಟು 5 ಲಕ್ಷ 43 ಸಾವಿರ ಚಿಲ್ಲರೆ ಕಟ್ಟಿದೆವು. ಯಜಮಾನರು ಆ ಗಾಜನ್ನು "ಎಪ್ಪತ್ತೊಂದೂವರೆ ಸಾವಿರದ ಗಾಜು" ಅಂತಲೇ ಕರೆಯೋದು. ತಪ್ಪು ಮಾಡಿದೆನಾ ಅಂತ ನನಗೂ ಒಂದೊಂದು ಸಲ ಅನಿಸುತ್ತೆ. ಗಾಜು ಒಡೆಯಲಿಲ್ಲವಲ್ಲ, ಕಾಯದಿದ್ದರೂ ನಡೀತಿತ್ತು ಅಂತ. ಆದರೆ ಒಡೆಯಲ್ಲ ಅಂತ ಜುಲೈನಲ್ಲಿ ಯಾರಿಗೆ ಗೊತ್ತಿತ್ತು? ಅಕ್ಟೋಬರಿನಲ್ಲಿ ರಾತ್ರಿಯಿಡೀ ಮಳೆ ಹೊಡೆದಾಗ ನಾನು ನಿದ್ದೆ ಮಾಡಿದೆ, ಅದಕ್ಕೆ ಎಷ್ಟು ಬೆಲೆ ಕಟ್ಟೋದು ಅಂತ ಗೊತ್ತಾಗುತ್ತಿಲ್ಲ. ನವೆಂಬರ್ ಮೊದಲ ವಾರ ರಿಜಿಸ್ಟರ್ ಆಯಿತು.

ಈಗ ಸರ್ವಿಸ್ ಬಗ್ಗೆ ನೇರವಾಗಿ. ಕಟ್ಟಡದ ಕೆಲಸ ಗೊತ್ತಿರೋರು ನಿಮ್ಮ ಮನೆಯಲ್ಲೇ ಇದ್ದರೆ ಇದು ಬೇಕಾಗಿಲ್ಲ, ಆ ಥರ್ಮಲ್ ಕ್ಯಾಮೆರಾ ಒಂದನ್ನು ಬಾಡಿಗೆಗೆ ತಂದರೆ ಸಾಕು. ಯಾರೂ ಇಲ್ಲದಿದ್ದರೆ ಖಂಡಿತ ಮಾಡಿಸಿ, ಆದರೆ ಜೊತೆಗೆ ಇನ್ನೊಂದು ಐದಾರು ಸಾವಿರ ಎತ್ತಿಟ್ಟುಕೊಂಡು, ಆ ರಿಪೋರ್ಟನ್ನು ಮನೆಯಲ್ಲೇ ನಿಂತು ಓದಿ ಹೇಳೋ ಊರಿನ ಸಿವಿಲ್ ಇಂಜಿನಿಯರ್ ಒಬ್ಬರನ್ನು ಹಿಡಿಯಿರಿ. ಮೊದಲ ಪುಟದ ಸ್ಪೀಡೋಮೀಟರ್ ನೋಡಲೇಬೇಡಿ. ಕೆಂಪು, ಕಿತ್ತಳೆ ಎಣಿಸಬೇಡಿ. ಅವರ ಸಾಫ್ಟ್‌ವೇರು ಬಿರುಕನ್ನು ತೂಕ ಹಾಕಲ್ಲ, ಬರೀ ಎಣಿಸುತ್ತೆ ಅಂತ ನನ್ನ ಅನುಮಾನ, ಇಲ್ಲದಿದ್ದರೆ ಚಿಲಕಕ್ಕೂ ಬಾವಿಗೂ ಒಂದೇ ಬಣ್ಣ ಬರುತ್ತಿರಲಿಲ್ಲ. ಬಂದ ಹುಡುಗರ ಕೆಲಸದಲ್ಲಿ ದೋಷ ಇಲ್ಲ, ಅಳತೆಗಳೆಲ್ಲ ಸರಿ ಇದ್ದವು, ಅಣ್ಣ ಮತ್ತೆ ಅಳೆದಾಗಲೂ ಅಷ್ಟೇ ಬಂತು. ಆಫೀಸಿನಲ್ಲಿ ಫೋನ್ ಎತ್ತೋರಿಗೆ ಮಾತ್ರ ಮನೆ ಅಂದರೆ ಏನು ಅಂತ ಗೊತ್ತಿಲ್ಲ. ಕನ್ನಡದಲ್ಲಿ ರಿಪೋರ್ಟ್ ಕೊಡಿ ಅಂತ ಕೇಳಿದ್ದಕ್ಕೆ "ಟೆಂಪ್ಲೇಟ್ ಇಲ್ಲ ಮೇಡಂ" ಅಂದರು. ತುಮಕೂರಿಗೆ ಬರೋದಕ್ಕೆ 2,000 ತಗೊಳ್ಳೋಕೆ ಟೆಂಪ್ಲೇಟ್ ಇತ್ತು.

ಸೇವೆಗೆ ಮೂರು. ಅರ್ಧ ಆ ಟ್ಯಾಂಕ್ ಹತ್ತಿದ ಹುಡುಗನಿಗೆ. ಟ್ಯಾಂಕಿನ ತಳದಲ್ಲಿ ಉದ್ದಕ್ಕೆ ಸೀಳು ಬಿಟ್ಟಿದ್ದು ಅವನ ಫೋಟೋ ಇಲ್ಲದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ರಿಪೇರಿ ಮುಗಿದ ಮೇಲೆ ಒಂದು ಸಲ ಫ್ರೀ ಬಂದು ನೋಡುತ್ತೇವೆ ಅಂತ ಬಿಲ್ಲಿನ ಹಿಂದೆ ಬರೆದಿದ್ದಾರೆ. ಅಡುಗೆಮನೆ ಮೋಲ್ಡು ಆಯ್ತು, ಬಾವಿಯೊಳಗಿನ ಕಸ ತೆಗೆಸಿ ಜಲ್ಲಿ ತುಂಬಿಸಿ, ಮೇಲೆ ಆಚೆಈಚೆ ಗಟ್ಟಿ ನೆಲಕ್ಕೆ ಕೂರೋ ಹಾಗೆ ಬೀಮು ಕೊಟ್ಟು ಪೋರ್ಟಿಕೋ ಕಂಬ ಎತ್ತಿದ್ದೂ ಆಯ್ತು. ಎರಡು ಸಲ ಫೋನ್ ಮಾಡಿದ್ದೇನೆ. ತುಮಕೂರು ಕಡೆ ಇನ್ನೊಂದು ಬುಕಿಂಗ್ ಬಂದಾಗ ಜೊತೆಗೇ ಬರ್ತೀವಿ ಅಂದಿದ್ದಾರೆ. ಬಂದರೆ ಇದರ ಕೆಳಗೇ ಬರೆಯುತ್ತೇನೆ.